ತೋಂಟದಾರ್ಯನವರ ‘ಪರವಾಗಿಲ್ಲ’

ತಿಪಟೂರಿನ ಮಾರುಕಟ್ಟೆ ಯಾರ್ಡಿನಲ್ಲಿ ನಲವತ್ತು ವರ್ಷದಿಂದ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದ ತೋಂಟದಾರ್ಯನವರ ಬಾಯಿಂದ ಒಂದು ಹೊಗಳಿಕೆಯ ಮಾತು ಹೊರಡಿಸಿದವರು ಯಾರೂ ಇರಲಿಲ್ಲ. ಹಾಗಂತ ಅವರೇನೂ ಕೆಟ್ಟವರಲ್ಲ. ತೂಕದಲ್ಲಿ ಮೋಸವಿಲ್ಲ, ಮಾತಿಗೆ ತಪ್ಪುವವರಲ್ಲ, ಬಂದ ರೈತನಿಗೆ ಕಾಫಿ ಕುಡಿಸದೆ ಕಳಿಸಿದವರಲ್ಲ. ಅವರು ಕೊಳ್ಳುವವರು, ಅಷ್ಟೇ. ಕೊಳ್ಳುವವನು ಮಾಲು ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ಅಲ್ಲಿಗೆ ವ್ಯಾಪಾರ ಕೆಟ್ಟಿತು ಎಂಬುದು ಅವರ ತಂದೆ ಹೇಳಿಕೊಟ್ಟ ಪಾಠ.

ರೈತ ಚೀಲದ ಬಾಯಿ ಬಿಚ್ಚಿದ ಕೂಡಲೇ ಅವರ ಮುಖ ಹರಳೆಣ್ಣೆ ಕುಡಿದವರ ಹಾಗಾಗುತ್ತಿತ್ತು. ಎರಡು ಉಂಡೆ ಕೊಬ್ಬರಿ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟಿ, ಆಮೇಲೆ ಮೂಸಿ, “ಏನ್ರೀ ಇದು, ವರ್ಷವೆಲ್ಲ ಅಟ್ಟದ ಮೇಲೆ ಒಣಗ್ಸಿದ್ರೋ ಬಚ್ಚಲಲ್ಲಿ ನೆನೆ ಹಾಕಿದ್ರೋ?” ಎಂದು ಶುರು ಮಾಡುತ್ತಿದ್ದರು. ಸುಕ್ಕು ಜಾಸ್ತಿ, ಬಣ್ಣ ಕಡಿಮೆ, ಸಣ್ಣ ಬಿರುಕು, ಕಮಟು ವಾಸನೆ. ಏನೂ ಸಿಗದಿದ್ದರೆ ಚೀಲದ ಹೊಲಿಗೆಯಾದರೂ ಸರಿಯಿರುತ್ತಿರಲಿಲ್ಲ. ಈಗೆಲ್ಲ ಬೆಲೆ ತೀರ್ಮಾನವಾಗುವುದು ಕಂಪ್ಯೂಟರಿನ ಟೆಂಡರಿನಲ್ಲಿ, ಇವರ ಕೊಂಕು ಕೇಳುವ ಕಿವಿ ಆ ಕಂಪ್ಯೂಟರಿಗೆ ಇಲ್ಲ. ಆದರೂ ಅಭ್ಯಾಸ ಬಿಡಬೇಕಲ್ಲ.

ಒಂದು ವಿಶೇಷವಿತ್ತು. ನಿಜವಾಗಿ ಕಳಪೆ ಮಾಲಿನ ಮುಂದೆ ಅವರು ನಿಲ್ಲುತ್ತಲೇ ಇರಲಿಲ್ಲ. ಒಂದು ಮಾತೂ ಆಡದೆ ಮುಂದಿನ ಚೀಲಕ್ಕೆ ಹೋಗಿಬಿಡುತ್ತಿದ್ದರು. ಎಷ್ಟು ಹೊತ್ತು ನಿಂತು ಬೈದರೋ ಅಷ್ಟು ಆಸೆಯಾಗಿದೆ ಎಂದು ಅರ್ಥ. ಹಳೆಯ ರೈತರಿಗೆ ಇದು ಗೊತ್ತಿದ್ದರಿಂದ, ಯಜಮಾನರು ಬೈಯಲು ಶುರು ಮಾಡಿದರೆ ಅವರು ಹಾಯಾಗಿ ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು. ಇನ್ನು ಯಾವ ಮೂಲೆಯಿಂದ ನೋಡಿದರೂ ಕೊಂಕು ಸಿಗದಂಥ ಮಾಲು ಎಲ್ಲೋ ಅಪರೂಪಕ್ಕೆ ಬಂದರೆ, ಮೇಲೆ ಕೆಳಗೆ ನೋಡಿ, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ, “ಪರವಾಗಿಲ್ಲ” ಎನ್ನುತ್ತಿದ್ದರು. ಆ ಮಾತು ಕೇಳಿಸಿಕೊಂಡ ಸಂಪಿಗೆ ಊರಿನ ಕಡೆಯ ರೈತನೊಬ್ಬ ಅವತ್ತೇ ಊರಿಗೆ ಮೈಸೂರುಪಾಕು ತೆಗೆದುಕೊಂಡು ಹೋಗಿ ಹಂಚಿದನಂತೆ.

ಮನೆಯಲ್ಲೂ ಇದೇ ಕಥೆ. ಹೆಂಡತಿ ಚಿಕ್ಕಗೌರಮ್ಮ ಮಾಡಿದ ಹುರುಳಿಕಾಳು ಬಸ್ಸಾರಿಗೆ, “ಉಪ್ಪು ಒಂದು ಹರಳು ಮುಂದಾಯ್ತು” ಎನ್ನುತ್ತ ಮೂರನೇ ಮುದ್ದೆಗೆ ಕೈ ಚಾಚುತ್ತಿದ್ದರು. ಸಾರು ನಿಜಕ್ಕೂ ಕೆಟ್ಟ ದಿನ ಮಾತಿಲ್ಲದೆ ಎದ್ದು ಕೈ ತೊಳೆಯುತ್ತಿದ್ದರು. ಆಯಮ್ಮ ಮದುವೆಯಾದ ಹೊಸದರಲ್ಲಿ ಅತ್ತದ್ದುಂಟು. ಈಗ ಗಂಡ ಬಾಯಿ ತೆರೆಯದಿದ್ದರೆ ಮಾತ್ರ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ.

ಇಂಥವರ ಮಂಡಿಗೆ ಎರಡು ವರ್ಷದ ಹಿಂದೆ ಹೊನ್ನವಳ್ಳಿಯ ಕಾಡಸಿದ್ದಪ್ಪನ ಮಗಳು ಗಿರಿಜಾಂಬಿಕಾ ಕೆಲಸಕ್ಕೆ ಬಂದು ಸೇರಿದಳು. ಆಹಾರ ತಂತ್ರಜ್ಞಾನ ಎಂಬುದನ್ನು ಓದಿ ಪಾಸಾಗಿದ್ದಳು. ಮೊದಲ ದಿನವೇ ತನ್ನ ಕೈಚೀಲದಿಂದ ಟಾರ್ಚಿನಷ್ಟು ಉದ್ದದ ಒಂದು ಯಂತ್ರ ತೆಗೆದು, “ಕೊಬ್ಬರಿಯೊಳಗೆ ತೇವ ಎಷ್ಟೈತೆ ಅಂತ ಇದು ಹೇಳುತ್ತೆ ಯಜಮಾನ್ರೇ” ಎಂದಳು.

“ಅದನ್ನ ನಲವತ್ತು ವರ್ಷದಿಂದ ನನ್ ಕಿವಿ ಹೇಳ್ತಾ ಐತೆ. ಅದಕ್ಕೆ ಬ್ಯಾಟ್ರಿ ಕೂಡ ಬೇಕಾಗಿಲ್ಲ” ಎಂದರು ತೋಂಟದಾರ್ಯನವರು.

ಆ ವಾರ ಅವರು ಕಿವಿಯಿಂದಲೇ ಪಾಸು ಮಾಡಿದ್ದ ಒಂದು ಲಾಟಿನಲ್ಲಿ ಮೂರು ಚೀಲ ಹಸಿಯಾಗಿದೆ ಎಂದು ಹುಡುಗಿ ಎಲ್ಲರ ಎದುರಿಗೆ ಹೇಳಿದಳು. ಯಜಮಾನರು ನಕ್ಕು, ಆ ಮೂರು ಚೀಲ ಬೇರೆ ಇಡಿಸಿದರು, ಹುಡುಗಿಗೆ ಬುದ್ಧಿ ಕಲಿಸಬೇಕೆಂದು. ಹತ್ತು ದಿನಕ್ಕೆ ಬಿಚ್ಚಿ ನೋಡಿದರೆ ಉಂಡೆಗಳೆಲ್ಲ ಬೂಷ್ಟು ಹಿಡಿದು ಗಡ್ಡ ಬಿಟ್ಟುಕೊಂಡಿದ್ದವು. ಯಜಮಾನರು ಚೀಲ ನೋಡಿದರು, ಹುಡುಗಿಯನ್ನು ನೋಡಿದರು, “ಪರವಾಗಿಲ್ಲ” ಎಂದರು. ತೂಕ ಮಾಡುತ್ತಿದ್ದವರು, ಹೊಲಿಯುತ್ತಿದ್ದವರು, ಪಕ್ಕದ ಮಂಡಿಯವರು ಕೂಡ ತಿರುಗಿ ನೋಡಿದರು. “ಯಂತ್ರಕ್ಕೆ ಹೇಳಿದ್ದು” ಎಂದು ಯಜಮಾನರು ತಿದ್ದಿಕೊಂಡರು.

ಆಮೇಲೆ ಮಾಲು ಆಯುವ ಕೆಲಸ ಪೂರ್ತಿ ಅವಳ ಕೈಗೇ ಬಂತು. ಅವಳಪ್ಪ ಕಾಡಸಿದ್ದಪ್ಪನ ಕೊಬ್ಬರಿಯೂ ಒಂದು ದಿನ ಯಾರ್ಡಿಗೆ ಬಂತು. ಮಗಳ ಮಂಡಿಯೆಂದು ಆ ಮನುಷ್ಯ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದ. ಮಗಳು ಚೀಲ ಬಿಚ್ಚಿಸಿ, ಒಂದೊಂದೇ ಉಂಡೆ ನೋಡಿ, ಇಪ್ಪತ್ತೆರಡನ್ನು ತೆಗೆದು ಎರಡನೇ ದರ್ಜೆಗೆ ಹಾಕಿದಳು. “ಅಟ್ಟದ ಮೂಲೇಲಿ ಹೆಂಚು ಸೋರ್ತಿತ್ತು ಅಂತ ನಂಗೆ ಗೊತ್ತಿಲ್ವಾ ಅಪ್ಪಾ?” ಎಂದಳು. ಕಾಡಸಿದ್ದಪ್ಪ ಮೂರು ದಿನ ಮಗಳ ಹತ್ತಿರ ಮಾತಾಡಲಿಲ್ಲ, ನಾಲ್ಕನೇ ದಿನ ಹೆಂಚು ಬದಲಾಯಿಸಿದ. ತೋಂಟದಾರ್ಯನವರು ಇದನ್ನೆಲ್ಲ ಗದ್ದುಗೆಯ ಮೇಲೆ ಕೂತು ಪೇಪರಿನ ಮರೆಯಿಂದ ನೋಡಿದ್ದರು. ಒಂದು ಮಾತೂ ಆಡಿರಲಿಲ್ಲ. ಮಾತಾಡಿದರೆ ಹುಡುಗಿಗೆ ದೃಷ್ಟಿಯಾಗುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಎರಡನೇ ವರ್ಷದ ದೀಪಾವಳಿ ಕಳೆದ ಮೇಲೆ ಗಿರಿಜಾಂಬಿಕಾ ಒಂದು ಮಧ್ಯಾಹ್ನ ಐದು ಕಾಗದದ ಕಟ್ಟು ತಂದು ಅವರ ಮುಂದಿಟ್ಟಳು. ಹೊರದೇಶಕ್ಕೆ ಹೋಗಿ ಮುಂದೆ ಓದಬೇಕೆಂದಿದ್ದೇನೆ, ಕಾಳು ಕಾಯಿ ಒಣಗಿಸಿ ಕೆಡದ ಹಾಗೆ ಇಡುವ ವಿದ್ಯೆ, ಐದು ವಿಶ್ವವಿದ್ಯಾಲಯ ನೋಡಿಟ್ಟಿದ್ದೇನೆ, ಯಾವುದಕ್ಕೆ ಅರ್ಜಿ ಹಾಕಲಿ ಎಂದು ಕೇಳಿದಳು.

“ನನ್ನ ಕೇಳ್ತೀಯಲ್ಲಮ್ಮ, ನಾನು ನೋಡಿರೋ ದೊಡ್ಡ ಕಾಲೇಜು ಅಂದ್ರೆ ನಮ್ಮ ತಿಪಟೂರಿಂದೇ.”

“ನಿಮ್ಮಷ್ಟು ತಪ್ಪು ಹುಡುಕೋರು ಬೇರೆ ಯಾರು ಸಿಗ್ತಾರೆ ಯಜಮಾನ್ರೇ? ಬೆಂಗಳೂರಿನ ಕನ್ಸಲ್ಟೆನ್ಸಿಯೋರನ್ನ ಕೇಳಿದ್ರೆ ಎಲ್ಲಾನೂ ಚೆನ್ನಾಗೈತೆ ಅಂತಾರೆ.”

ಎಲ್ಲವನ್ನೂ ಚೆನ್ನಾಗಿದೆ ಎನ್ನುವವರ ಮೇಲೆ ತೋಂಟದಾರ್ಯನವರಿಗೆ ಹುಟ್ಟಿನಿಂದಲೇ ಅನುಮಾನ. ಕನ್ನಡಕ ಒರೆಸಿಕೊಂಡು ಕೂತರು. ಮೊದಲನೆಯದು ಇಂಗ್ಲೆಂಡಿನದು, ಬಣ್ಣಬಣ್ಣದ ಪುಸ್ತಕ. ಪುಟ ಪುಟದಲ್ಲೂ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಕೂತು ನಗುತ್ತಿದ್ದರು. “ಓದೋರು ಒಬ್ರೂ ಕಾಣ್ತಿಲ್ವಲ್ಲ. ಎಲ್ಲಾ ದನ ಮೇಯ್ಸೋಕೆ ಬಂದಂಗೆ ಅವ್ರೆ. ತೆಗಿ ಅತ್ಲಾಗೆ.” ಎರಡನೆಯದು ಈ ತಿಂಗಳೊಳಗೆ ಸೇರಿದರೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತಿತ್ತು. “ಬೇಗ ತಗೊಂಡೋಗಿ ಅನ್ನೋ ಮಾಲು ಒಳಗಡೆ ಕೊಳೀತಾ ಇರುತ್ತೆ.” ಮೂರನೆಯದರವರು ಹುಡುಗಿಗೆ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದರಂತೆ. ಆ ಕಟ್ಟನ್ನು ಯಜಮಾನರು ಬಿಚ್ಚಲೇ ಇಲ್ಲ. ನಾಲ್ಕನೆಯದಕ್ಕೆ ತಾನು ಪ್ರಪಂಚದಲ್ಲಿ ಎಷ್ಟನೆಯ ನಂಬರು ಎಂದು ಹೇಳಿಕೊಳ್ಳಲು ಎರಡು ಪುಟ ಬೇಕಾಗಿತ್ತು. “ತನ್ನ ತಾನೇ ಹೊಗಳ್ಕೊಳ್ಳೋರ ಹತ್ರ ನಮಗೇನು ಕೆಲ್ಸ” ಎಂದು ಅದನ್ನೂ ತಳ್ಳಿದರು.

ಐದನೆಯದು ಹಾಲೆಂಡಿನದು. ಬಣ್ಣವಿಲ್ಲ, ನಗುವವರಿಲ್ಲ. ಒಂದೇ ಒಂದು ಫೋಟೋ, ಅದರಲ್ಲಿ ಒಬ್ಬಾಕೆ ಬಿಳಿ ಕೋಟು ಹಾಕಿಕೊಂಡು ಯಾವುದೋ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ನಿಂತಿದ್ದಳು. ಮಿಕ್ಕದ್ದೆಲ್ಲ ಪ್ರಶ್ನೆಗಳು. ಯಾಕೆ ಬರುತ್ತೀಯ, ಏನು ಮಾಡಿದ್ದೀಯ, ಮಾಡಿದ್ದಕ್ಕೆ ಸಾಕ್ಷಿ ಯಾರು, ಬಂದು ಏನು ಮಾಡುತ್ತೀಯ. ಬಂದ ಅರ್ಜಿಗಳಲ್ಲಿ ಬಹಳಷ್ಟನ್ನು ತಿರಸ್ಕರಿಸುತ್ತೇವೆ ಎಂದು ಅವರೇ ಬರೆದುಕೊಂಡಿದ್ದರು. ತೋಂಟದಾರ್ಯನವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

“ಪರವಾಗಿಲ್ಲ. ಇವ್ರಿಗೆ ಕೊಳ್ಳೋಕೆ ಬರುತ್ತೆ” ಎಂದರು.

ಗಿರಿಜಾಂಬಿಕಾ ಮಿಕ್ಕ ನಾಲ್ಕು ಕಟ್ಟನ್ನು ಅಲ್ಲೇ ರದ್ದಿಗೆ ಹಾಕಿ, ಅದೊಂದಕ್ಕೇ ಅರ್ಜಿ ಹಾಕಿದಳು. ಸೀಟಿನ ಜೊತೆ ವಿದ್ಯಾರ್ಥಿವೇತನವೂ ಸಿಕ್ಕಿದರೆ ಮಾತ್ರ ಹೋಗಲು ಸಾಧ್ಯ, ಎರಡಕ್ಕೂ ಇಬ್ಬರ ಶಿಫಾರಸು ಬೇಕು, ಒಬ್ಬರು ಪಾಠ ಹೇಳಿದವರು, ಇನ್ನೊಬ್ಬರು ಕೆಲಸ ಕೊಟ್ಟವರು ಎಂದಳು. ಶಿಫಾರಸು ಎಂಬ ಮಾತು ಕೇಳಿ ಯಜಮಾನರು ಎದ್ದು ಚಪ್ಪಲಿ ಮೆಟ್ಟಿದರು. “ಎಮ್ಮೆಲ್ಲೆ ಲೆಟರ್ರು ತಾನೆ? ನಾಳೆನೇ ಕೊಡುಸ್ತೀನಿ. ಬೇಕಾದ್ರೆ ಮಠದಿಂದ್ಲೂ ಒಂದು ತರೋಣ.”

“ಅಯ್ಯೋ, ಅದಲ್ಲ ಯಜಮಾನ್ರೇ. ನೀವೇ ಬರೀಬೇಕು. ನಾನು ಹೆಂಗೆ ಕೆಲ್ಸ ಮಾಡ್ತೀನಿ ಅಂತ.”

ಅಷ್ಟು ಸಣ್ಣ ವಿಷಯವೇ ಎಂದು ತೋಂಟದಾರ್ಯನವರು ಚಪ್ಪಲಿ ಬಿಟ್ಟು ಕೂತರು.

ಅವರಿಗೆ ಇಮೇಲು ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಅಂಗಡಿ ಇಟ್ಟಿರುವ ಮುಜಾಫರ್ ಅವರ ಹೆಸರಿನಲ್ಲಿ ಒಂದು ಮಾಡಿಕೊಟ್ಟ. ಮುಜಾಫರನ ತಂದೆ ಇವರ ಲಾರಿ ರಿಪೇರಿ ಮಾಡುತ್ತಿದ್ದವರು, ಹಾಗಾಗಿ ಹಳೆಯ ಸಲುಗೆ. ಹಾಲೆಂಡಿನಿಂದ ಬಂದ ಫಾರಂ ತೆರೆದು ಅವನು ಒಂದೊಂದೇ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳಿದ. ಇಲ್ಲಿ ಬರೆದದ್ದು ಗುಟ್ಟು, ಅರ್ಜಿ ಹಾಕಿದವರಿಗೆ ತೋರಿಸುವುದಿಲ್ಲ ಎಂದು ಮೊದಲೇ ಬರೆದಿತ್ತು. ಅದು ಯಜಮಾನರಿಗೆ ಹಿಡಿಸಿತು.

“ಕೆಲ್ಸದ ಗುಣಮಟ್ಟ ಹೆಂಗೆ ಅಂತ ಕೇಳ್ತಾ ಅವ್ರೆ. ಇಂಥವು ಎಂಟು ಸಾಲು ಅವೆ. ಒಂದೊಂದಕ್ಕೂ ಐದು ಮನೆ ಕೊಟ್ಟವ್ರೆ, ಒಂದ್ರಲ್ಲಿ ಟಿಕ್ಕು ಹಾಕ್ಬೇಕು. ಅಸಾಧಾರಣ, ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ.”

“ಪರವಾಗಿಲ್ಲ ಅನ್ನೋದು ಯಾವ ಮನೇಲೈತೆ?”

ಮುಜಾಫರ್ ತಲೆ ಕೆರೆದುಕೊಂಡ. “ಉತ್ತಮಕ್ಕಿಂತ ಕೆಳಗೆ, ಕಳಪೆಗಿಂತ ಮೇಲೆ... ಸಾಧಾರಣ ಅನ್ಬೋದಾ?”

“ಹಾಕು ಅದ್ಕೆ.”

“ಯಜಮಾನ್ರೇ, ಹುಡುಗೀಗೆ ಏನಾದ್ರೂ ತೊಂದ್ರೆ ಆದೀತು.”

“ಏನ್ಲಾ ತೊಂದ್ರೆ? ನಾನು ವರ್ಷಕ್ಕೊಂದು ಸಲ ಆ ಮಾತು ಹೇಳಿದ್ರೆ ಹೆಚ್ಚು. ಇವ್ಳಿಗೆ ಎಂಟೂ ಸಾಲಿನಲ್ಲಿ ಹೇಳ್ತಾ ಇದೀನಿ. ಹಾಕು ಅಂದ್ರೆ ಹಾಕು.”

ಎಂಟು ಸಾಲಿನಲ್ಲೂ ಟಿಕ್ಕು ಬಿತ್ತು. ಸಾಮರ್ಥ್ಯಗಳೇನು ಎಂದು ಕೇಳಿದ ಕಡೆ “ತೊಂದರೆ ಇಲ್ಲ” ಎಂದು ಬರೆಸಿದರು. ಕೊರತೆಗಳೇನು ಎಂದು ಕೇಳಿದಾಗ ಮಾತ್ರ ಅವರ ನಾಲಗೆಗೆ ಕಳೆ ಬಂತು. ಹತ್ತು ನಿಮಿಷ ತಡವಾಗಿ ಬರುತ್ತಾಳೆ, ಅಕ್ಷರ ಸರಿಯಿಲ್ಲ, ಎದುರು ಮಾತಾಡುತ್ತಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ. ಹನ್ನೊಂದು ತಪ್ಪು ಆಗುವ ಹೊತ್ತಿಗೆ ಬರೆಯುವ ಜಾಗ ಮುಗಿದು ಕಂಪ್ಯೂಟರ್ ತಾನಾಗಿಯೇ ನಿಂತಿತು. ಒಂದು ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ತೋಂಟದಾರ್ಯನವರು ಮುಜಾಫರನಿಗೂ ಸೇರಿಸಿ ಎರಡು ಮಸಾಲೆದೋಸೆ ತರಿಸಿದರು.

ಮೂರು ವಾರದ ಮೇಲೆ ಒಂದು ಸೋಮವಾರ ಮುಜಾಫರ್ ಫೋನು ಮಾಡಿ ಕರೆದ. ಹಾಲೆಂಡಿನ ಒಬ್ಬ ಪ್ರೊಫೆಸರಮ್ಮ ಯಜಮಾನರಿಗೇ ಬರೆದಿದ್ದಳು. ಈ ಹುಡುಗಿಗೆ ಪಾಠ ಹೇಳಿದವರು ಬಹಳ ಹೊಗಳಿ ಬರೆದಿದ್ದಾರೆ, ಅವಳ ಅರ್ಜಿಯೂ ನಮಗೆ ಮೆಚ್ಚಿಕೆಯಾಗಿದೆ. ಎರಡು ವರ್ಷ ಕೆಲಸ ಕೊಟ್ಟ ನೀವು ಮಾತ್ರ ಎಲ್ಲದರಲ್ಲೂ ಸಾಧಾರಣ ಎಂದು ಹೇಳಿ ಹನ್ನೊಂದು ತಪ್ಪು ತೋರಿಸಿದ್ದೀರಿ. ನೀವು ಇವಳನ್ನು ಶಿಫಾರಸು ಮಾಡುತ್ತಿಲ್ಲ ಎಂದು ತಿಳಿಯಬೇಕೇ? ಶುಕ್ರವಾರದೊಳಗೆ ತಿಳಿಸಿ. ಉತ್ತರ ಬಾರದಿದ್ದರೆ ಅರ್ಜಿಯನ್ನು ಬದಿಗಿಡಬೇಕಾಗುತ್ತದೆ.

“ಬದಿಗಿಡೋದು ಅಂದ್ರೆ?”

“ಎರಡನೇ ದರ್ಜೆಗೆ ಅಲ್ಲ ಯಜಮಾನ್ರೇ. ಪೂರಾ ರಿಜೆಕ್ಟು.”

ತೋಂಟದಾರ್ಯನವರಿಗೆ ಸಿಟ್ಟು ಬಂತು. ಮೊದಲು ಪ್ರೊಫೆಸರಮ್ಮನ ಮೇಲೆ, ಆಮೇಲೆ ಮುಜಾಫರನ ಮೇಲೆ, ಆಮೇಲೆ ಐದೇ ಮನೆ ಮಾಡಿದ ಫಾರಂ ಮೇಲೆ. ಮಂಡಿಗೆ ವಾಪಸು ಬಂದರೆ ಗಿರಿಜಾಂಬಿಕಾ ಚೀಲಗಳ ನಡುವೆ ಕೂತು ತೇವದ ಮೀಟರು ಒರೆಸುತ್ತಿದ್ದಳು. “ಹಾಲೆಂಡಿಂದ ಏನೂ ಸುದ್ದಿ ಬಂದಿಲ್ಲ ಯಜಮಾನ್ರೇ. ಆದ್ರೆ ನಂಗೆ ಭಯ ಇಲ್ಲ. ನೀವು ಬರ್ದಿದೀರಲ್ಲ” ಎಂದು ನಕ್ಕಳು. ಅವರು ಏನೋ ನೆನಪಾದವರ ಹಾಗೆ ಎದ್ದು ತೂಕದ ಮನೆಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಮಿಕ್ಕ ನಾಲ್ಕನ್ನೂ ತಳ್ಳಿಹಾಕಿಸಿದವರು ತಾವೇ ಎಂಬುದು ಅಲ್ಲಿ ನಿಂತಾಗ ನೆನಪಾಯಿತು.

ಮಧ್ಯಾಹ್ನ ಊಟಕ್ಕೆ ಕೂತು ಹೆಂಡತಿಗೆ ಎಲ್ಲ ಹೇಳಿದರು. “ನನ್ ಮಾತು ಅವ್ರಿಗೆ ಅರ್ಥ ಆಗಿಲ್ಲ ಕಣೇ. ದೇಶ ಬೇರೆ.”

ಚಿಕ್ಕಗೌರಮ್ಮ ಮುದ್ದೆ ಮುರಿದು ಸಾರು ಬಡಿಸಿದರು. “ನಿಮ್ಮ ಮಾತು ನಂಗೆ ಅರ್ಥ ಆಯ್ತು ಬುಡಿ. ಆ ಹುಡ್ಗಿ ಹೋಗೋದು ನಿಮಗೆ ಬೇಕೋ ಬೇಡ್ವೋ?”

“ಹೋಗ್ಲಿ ಅಂತಾನೇ ಅಲ್ವಾ ಬರೆಸಿದ್ದು?”

“ಹಂಗಾದ್ರೆ ಹನ್ನೊಂದು ಕೊಂಕು ಯಾಕೆ? ಬೇಡದ ಸಾರಿಗೆ ನೀವು ಯಾವತ್ತಾದ್ರೂ ಉಪ್ಪು ಜಾಸ್ತಿ ಅಂದಿದೀರಾ? ನೀವು ಬೈಯೋದೆಲ್ಲ ಇಟ್ಕೋಬೇಕು ಅನ್ನೋ ಮಾಲಿಗೆ. ಬೇರೆಯೋರು ಬಂದು ನೋಡ್ತಾವ್ರೆ ಅಂತ ಗೊತ್ತಾದ್ರಂತೂ ಇನ್ನೂ ಎರಡು ಜಾಸ್ತಿ ಬೈತೀರಿ, ಅವ್ರು ಬುಟ್ಟೋಗ್ಲಿ ಅಂತ.”

ತೋಂಟದಾರ್ಯನವರ ಕೈ ತಟ್ಟೆಯ ಮೇಲೆ ನಿಂತಿತು. ಆ ಮಾತು ಸುಳ್ಳಲ್ಲ ಎಂದು ಅವರಿಗೇ ಗೊತ್ತಾಗಿಹೋಗಿತ್ತು. ಫಾರಂ ಮುಂದೆ ಕೂತಾಗ ಅವರೊಳಗಿನ ಕೊಳ್ಳುವವನು ಅವರಿಗೂ ಹೇಳದೆ ತನ್ನ ಕೆಲಸ ಮಾಡಿದ್ದ. ಅವಳಿಲ್ಲದ ಮಂಡಿಯನ್ನು ನೆನೆಸಿಕೊಂಡರೆ ಅವರಿಗೆ ಯಾರ್ಡೇ ಬೇಡವೆನ್ನಿಸುತ್ತಿತ್ತು. ಇಷ್ಟು ವಯಸ್ಸಾಗಿ ಒಂದು ಹುಡುಗಿಯ ದಾರಿಗೆ ಅಡ್ಡ ಕೂತೆನಲ್ಲ ಎಂದು ನಾಚಿಕೆಯಾಯಿತು. ಅವತ್ತು ಸಾರಿಗೆ ಅವರು ಏನೂ ಅನ್ನಲಿಲ್ಲ. ಚಿಕ್ಕಗೌರಮ್ಮನೂ ಪಾತ್ರೆ ಮೂಸಿ ನೋಡಲಿಲ್ಲ.

ಮಾರನೆಯ ದಿನ ಮುಜಾಫರನ ಅಂಗಡಿಗೆ ಹೋದರು. ಅದರ ಮಾರನೆಯ ದಿನವೂ ಹೋದರು. ಎರಡು ದಿನವೂ “ಚೆನ್ನಾಗಿ” ಎಂಬಲ್ಲಿಗೆ ಬಂದು ಅವರ ನಾಲಗೆ ನಿಂತುಬಿಡುತ್ತಿತ್ತು.

“ಅಸಾಧಾರಣ ಅಂತ ಒಂದು ಟಿಕ್ಕು ಹಾಕ್ಬುಡ್ಲಾ?” ಎಂದ ಮುಜಾಫರ್. “ಯಾರಿಗೂ ಗೊತ್ತಾಗಲ್ಲ.”

“ಟಿಕ್ಕು ಹಾಕೋಕೆ ನಾನ್ಯಾಕ್ಲಾ ಬೇಕು? ಅಲ್ಲಿ ಕಾಯಿ ಕಿವಿಗಿಟ್ಕೊಂಡು ಕೇಳೋ ಹೆಣ್ಣುಮಗಳು ಅವ್ಳೆ. ಸುಳ್ಳು ಸದ್ದು ತಿಳೀದೇ ಇರುತ್ತಾ?”

ಗುರುವಾರ ಬೆಳಿಗ್ಗೆ ಬಂದವರೇ ಬಾಗಿಲು ಮುಂದೆ ಎಳೆಸಿ, ಗೋಡೆಯ ಕಡೆ ಮುಖ ಮಾಡಿ ಕೂತು, “ನಾನು ಹೇಳ್ದಂಗೇ ಬರಿ. ಮಧ್ಯ ತಲೆ ಹಾಕ್ಬೇಡ” ಎಂದರು. ಮುಜಾಫರ್ ಬರೆದುಕೊಂಡ ಕನ್ನಡ ಹೀಗಿತ್ತು.

“ಪ್ರೊಫೆಸರಮ್ಮನವರಿಗೆ ನಮಸ್ಕಾರ. ನಾನು ನಲವತ್ತು ವರ್ಷದಿಂದ ಕೊಬ್ಬರಿ ಕೊಳ್ಳುವವನು. ಕೊಳ್ಳುವವನು ಮಾಲನ್ನು ಹೊಗಳುವುದಿಲ್ಲ. ಹೊಗಳಿದರೆ ಮಾಲು ಕೈಬಿಟ್ಟು ಹೋಗುತ್ತದೆ. ನಿಮ್ಮ ಫಾರಂ ಬಂದ ದಿನವೂ ನಾನು ಹಾಗೇ ಬರೆಸಿದೆ. ಈ ಹುಡುಗಿ ನಮ್ಮ ಮಂಡಿ ಬಿಡುವುದು ನನಗೆ ಇಷ್ಟವಿರಲಿಲ್ಲ. ಅವತ್ತು ಅದು ನನಗೇ ತಿಳಿದಿರಲಿಲ್ಲ, ನನ್ನ ಮನೆಯವರು ತಿಳಿಸಿದರು. ಆದ್ದರಿಂದ ಅವತ್ತಿನ ಲೆಕ್ಕ ಬಿಟ್ಟು ಇವತ್ತಿನದನ್ನು ಓದಿ.

ಇವಳು ತನ್ನ ಅಪ್ಪನ ಕೊಬ್ಬರಿ ಮಂಡಿಗೆ ಬಂದಾಗ ಇಪ್ಪತ್ತೆರಡು ಉಂಡೆ ತೆಗೆದು ಎರಡನೇ ದರ್ಜೆಗೆ ಹಾಕಿದಳು. ನಾನು ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ನನ್ನ ಅಪ್ಪನ ಮಾಲು ಆಯಬೇಕಾಗಿ ಬಂದಿದ್ದರೆ ಒಂದನ್ನೂ ತೆಗೆಯುತ್ತಿರಲಿಲ್ಲ. ಅವಳು ಬಂದ ಮೇಲೆ ನಮ್ಮ ಮಂಡಿಯಿಂದ ಹೋದ ಒಂದು ಚೀಲವೂ ಕೆಟ್ಟಿತೆಂದು ವಾಪಸು ಬಂದಿಲ್ಲ. ನನ್ನ ಕಿವಿ ತಪ್ಪು ಎಂದು ಅವಳು ಎಲ್ಲರ ಎದುರಿಗೆ ಹೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಇದನ್ನು ನಾನು ಇವತ್ತಿನವರೆಗೆ ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ.

ಪರವಾಗಿಲ್ಲ ಎಂದು ನಮ್ಮಲ್ಲಿ ಒಂದು ಮಾತಿದೆ. ನೀವು ಕೊಟ್ಟ ಐದು ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ. ಎಲ್ಲಕ್ಕಿಂತ ಮೇಲೆ ಇನ್ನೊಂದು ಮನೆ ಮಾಡಿಕೊಂಡು, ಎಂಟು ಸಾಲಿಗೂ ಅದರಲ್ಲಿ ಗುರುತು ಹಾಕಿಕೊಳ್ಳಿ. ನನಗೆ ಇವಳನ್ನು ಕಳಿಸಲು ಮನಸ್ಸಿಲ್ಲ. ಕಳಿಸದಿದ್ದರೆ ತಪ್ಪಾಗುತ್ತದೆ. ಇದನ್ನು ಅವಳಿಗೆ ತೋರಿಸಬೇಡಿ.”

ಮುಜಾಫರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ‘ಪರವಾಗಿಲ್ಲ’ ಎಂಬುದನ್ನು ತಿರುಗಿಸಲು ಹೋಗದೆ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ. “ಕಳ್ಸೋಕೆ ಮುಂಚೆ ಇನ್ನೊಂದು ಸಲ ಓದ್ಲಾ ಯಜಮಾನ್ರೇ?” ಎಂದು ಕೇಳಿದ.

“ಬೇಡ. ಒಂದು ಸಲ ಹೇಳಿದ್ದೇ ಜಾಸ್ತಿ ಆಯ್ತು” ಎಂದು ಅವರು ಎದ್ದು ಹೊರಟರು. ದೋಸೆಯ ಮಾತು ಇಬ್ಬರೂ ಎತ್ತಲಿಲ್ಲ.

ಏಪ್ರಿಲಿನ ಒಂದು ಉರಿಬಿಸಿಲಿನ ಮಧ್ಯಾಹ್ನ ಮಂಡಿಯೊಳಗಿಂದ ಗಿರಿಜಾಂಬಿಕಾ ಕೂಗಿಕೊಂಡ ಸದ್ದಿಗೆ ಚೇಳು ಕಡಿಯಿತೇನೋ ಎಂದು ಹಮಾಲರು ಓಡಿಬಂದರು. ಸೀಟೂ ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಎಲ್ಲರೂ ಸುತ್ತ ನಿಂತು ಫೋನು ನೋಡಿದರು. ಯಜಮಾನರು ಪೇಪರು ಇಳಿಸದೆ, “ಆ ಎಡಗಡೆ ಲಾಟು ಇನ್ನೂ ಆಯ್ದಿಲ್ಲ” ಎಂದರು. ಪೇಪರು ತಲೆಕೆಳಗಾಗಿತ್ತು ಎಂದು ಆಮೇಲೆ ಹಮಾಲರು ಹೇಳಿಕೊಂಡು ನಕ್ಕರು.

ಹೊರಡುವ ಹಿಂದಿನ ದಿನ ಅವಳು ಅಪ್ಪನ ಜೊತೆ ಹೇಳಿಹೋಗಲು ಬಂದಳು. ಕಾಡಸಿದ್ದಪ್ಪ ಅದೇ ಇಸ್ತ್ರಿ ಮಾಡಿದ ಷರಟಿನಲ್ಲಿದ್ದ. ಅವಳು ತೇವದ ಮೀಟರನ್ನು ಹೊಸ ಬ್ಯಾಟರಿ ಹಾಕಿ ಗದ್ದುಗೆಯ ಮೇಲಿಟ್ಟು, ಯಜಮಾನರ ಕಾಲಿಗೆ ನಮಸ್ಕಾರ ಮಾಡಿ ಎದ್ದು ನಿಂತಳು.

“ನನ್ ಬಗ್ಗೆ ಏನು ಬರೆದ್ರಿ ಅಂತ ಹೇಳಲ್ವಾ?”

“ಅದು ಗುಟ್ಟು. ಅವ್ರೇ ಬರ್ದವ್ರಲ್ಲ, ತೋರಿಸಂಗಿಲ್ಲ ಅಂತ.”

“ಹೋಗ್ಲಿ, ಕಾಗದದ್ದು ಬೇಡ. ಎರಡು ವರ್ಷ ಇಲ್ಲಿ ಕೆಲ್ಸ ಮಾಡಿದೀನಿ. ಹೆಂಗಿತ್ತು ಅಂತ ಒಂದೇ ಒಂದು ಮಾತು ಹೇಳಿ. ಹೋಗಿ ಬತ್ತೀನಿ.”

ಯಾರ್ಡಿನಲ್ಲಿ ತೂಕ ನಿಂತಿತು. ಆ ಒಂದು ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕಾಗಿ ಎಲ್ಲರೂ ಕಾದರು. ತೋಂಟದಾರ್ಯನವರು ಅದನ್ನೇ ಹೇಳಲು ಬಾಯಿ ತೆರೆದರು. ಈ ಹೊತ್ತಿಗೆ ಅದು ಸಾಲದು ಎನ್ನಿಸಿತು. ಬೇರೆ ಮಾತು ಅವರಿಗೆ ಬರುತ್ತಿರಲಿಲ್ಲ. ಕೈಗೆ ಸಿಕ್ಕ ಒಂದು ಉಂಡೆ ಎತ್ತಿಕೊಂಡು ಅದನ್ನೇ ತಿರುಗಿಸುತ್ತ ಶುರು ಮಾಡಿದರು.

“ಏನು ಹೇಳೋದು? ಒಂಬತ್ತಕ್ಕೆ ಬಾ ಅಂದ್ರೆ ಒಂಬತ್ತೂ ಹತ್ತು. ಅಕ್ಷರ ನೋಡಿದ್ರೆ ಕೋಳಿ ಕೆದರಿದಂಗೆ. ಚೀಟಿ ಬರೆದಿಡು ಅಂದ್ರೆ ಅದನ್ನ ಓದೋಕೆ ನಿನ್ನನ್ನೇ ಕರೀಬೇಕು. ನಾಳೆಯಿಂದ ಯಾರನ್ನ ಕರೀಲಿ? ಎದುರು ಮಾತು, ಅದಕ್ಕಂತೂ ಮಿತಿನೇ ಇಲ್ಲ. ಲೋಡು ಬಂತು ಅಂದ್ರೆ ಊಟದ ಡಬ್ಬಿ ಹಂಗೇ ವಾಪಸು. ನಮ್ಮನೆಯೋಳು ಕೊಟ್ಟ ಉಪ್ಪಿನಕಾಯಿ ಕೂಡ ಮುಟ್ತಿರ್ಲಿಲ್ಲ. ಅಲ್ಲಾದ್ರೂ ಹೊತ್ತೊತ್ತಿಗೆ ಉಣ್ಣು. ಮಳೆಗಾಲದಲ್ಲಿ ಒಂದು ದಿನವಾದ್ರೂ ಛತ್ರಿ ತಂದಿದೀಯಾ? ಆ ದೇಶದಲ್ಲಿ ವರ್ಷವೆಲ್ಲ ಮಳೆಯಂತೆ, ಯಾರು ನೆನಪು ಮಾಡ್ತಾರೆ ನಿಂಗೆ? ಆ ಮೂರು ಚೀಲ ಹಸಿ ಐತೆ ಅಂತ ಎಲ್ರೆದುರಿಗೆ ನ್ಯಾಯ ಮಾಡ್ದೆ. ಹೇಳೋದಾದ್ರೆ ಕಿವೀಲಿ ಹೇಳ್ಬೋದಿತ್ತು. ಸೀದಾ ಹೇಳ್ದೆ. ಅದೊಂದು ಕೆಟ್ಟ ಬುದ್ಧಿ ನಿಂದು, ಸೀದಾ ಹೇಳೋದು...”

ಅವರು ನಿಲ್ಲಿಸುವ ಹಾಗೆ ಕಾಣಲಿಲ್ಲ. ಮಗಳನ್ನು ಇಷ್ಟು ಬೈಯುವುದು ಕೇಳಿ ಕಾಡಸಿದ್ದಪ್ಪನ ಮುಖ ಬಾಡಿತು, ಏನೋ ಹೇಳಲು ಮುಂದೆ ಬಂದ. ಹಮಾಲರಲ್ಲಿ ಹಿರಿಯನೊಬ್ಬ ಅವನ ತೋಳು ಹಿಡಿದು ನಿಲ್ಲಿಸಿದ. ಹದಿನಾಲ್ಕನೆಯದೋ ಹದಿನೈದನೆಯದೋ ತಪ್ಪಿನ ಹತ್ತಿರ ಯಜಮಾನರ ದನಿ ಒಡೆಯಿತು. ಆದರೂ ಅವರು ಉಂಡೆಯಿಂದ ಕಣ್ಣೆತ್ತದೆ ಮುಂದಿನ ತಪ್ಪು ಹುಡುಕುತ್ತಿದ್ದರು.

ಎರಡು ವರ್ಷ ಅದೇ ಮಂಡಿಯಲ್ಲಿ ಕೆಲಸ ಕಲಿತಿದ್ದ ಗಿರಿಜಾಂಬಿಕಾ ಚೂಡಿದಾರದ ವೇಲಿನಲ್ಲಿ ಕಣ್ಣು ಒರೆಸಿಕೊಂಡು, ಅವರ ಕೈಯಲ್ಲಿದ್ದ ಕೊಬ್ಬರಿ ಮೆಲ್ಲಗೆ ತೆಗೆದು ಚೀಲಕ್ಕೆ ಹಾಕಿದಳು.

“ಸಾಕು ಬುಡಿ ಯಜಮಾನ್ರೇ” ಎಂದಳು. “ರೇಟು ಗೊತ್ತಾಯ್ತು.”